ಯಾವ ಕತ್ತಿ?

ನನ್ನ ಅಜ್ಜಿಗೆ ಓದುಬರಹ ಬರುತ್ತಿರಲಿಲ್ಲ. ಆದರೆ ಮನೆಯಲ್ಲಿದ್ದ ಒಂದೊಂದು ಕತ್ತಿಗೂ ಅವಳ ಬಾಯಲ್ಲಿ ಒಂದೊಂದು ಹೆಸರಿತ್ತು. ಕಾಲಿನಿಂದ ಮೆಟ್ಟಿ ಹಿಡಿದು ತರಕಾರಿ ಹೆಚ್ಚುವುದು ಮುಟ್ಟತ್ತಿ. ಕೈಯಲ್ಲಿ ಹಿಡಿಯುವ ಸಣ್ಣದು ಬೀಸತ್ತಿ. ಹುಲ್ಲು ಕೊಯ್ಯುವ, ಹಲ್ಲುಗಳುಳ್ಳದ್ದು ಪರ್ದತ್ತಿ. ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಂಡು ಗುಡ್ಡಕ್ಕೆ ಸೊಪ್ಪಿಗೆ ಹೋಗುವಾಗಿನದು ಬರಿಯ ಕತ್ತಿ. ಇವೆಲ್ಲವುಗಳಿಂದ ದೂರವಾಗಿ, ಜಗಲಿಯ ಮೊಳೆಯಲ್ಲಿ ಒಂಟಿಯಾಗಿ ತೂಗುತ್ತಿದ್ದುದು ಅಪ್ಪನ ರಬ್ಬರು ಕತ್ತಿ.

ನನಗೆ ಏಳು ವರ್ಷವಾಗಿದ್ದಾಗ ಒಂದು ಸಂಜೆ ಅಜ್ಜಿ ಅಂಗಳದಿಂದ “ಕತ್ತಿ ಕನಲ ಮಗಾ” ಎಂದು ಕೂಗಿದಳು. ಕತ್ತಿ ತಾ ಎಂದಷ್ಟೇ ಅದರ ಅರ್ಥ. ನನ್ನ ಕೈಗೆ ಎಟುಕಿದ್ದು ಮೊಳೆಯಲ್ಲಿದ್ದ ಕತ್ತಿ. ಅದನ್ನೇ ಒಯ್ದು ಕೊಟ್ಟೆ. ಅಜ್ಜಿಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಅವಳು ಹಿಡಿಯನ್ನು ತಡವಿ ನೋಡದೆ ತೆಂಗಿನಕಾಯಿಗೆ ಒಂದೇಟು ಹಾಕಿದಳು. ರಬ್ಬರು ಕತ್ತಿಯ ಬಾಯಿ ಮಡಚಿದಂತಿರುತ್ತದೆ. ಮರದ ತೊಗಟೆಯನ್ನು ತೆಳ್ಳಗೆ ಹೆರೆದು ತೆಗೆಯುವುದಕ್ಕೆಂದೇ ಅದನ್ನು ಮಾಡಿದ್ದು. ತೆಂಗಿನ ಕರಟಕ್ಕೆ ತಗುಲಿ ಅದರ ಅಲಗು ತಿರುಗಿಹೋಯಿತು. ಮರುದಿನ ಬೆಳಗಿನ ಜಾವ ಅಪ್ಪ ತೋಟಕ್ಕೆ ಹೋಗಲಿಲ್ಲ. ಒಂದು ದಿನದ ಕೂಲಿ ಹೋಯಿತು. ಅಪ್ಪ ನನಗೆ ಹೊಡೆಯಲಿಲ್ಲ. “ಕತ್ತಿ ತಾ ಅಂದರೆ ಯಾವ ಕತ್ತಿ ಅಂತ ಕೇಳಬೇಕು” ಎಂದರು, ಅಷ್ಟೇ.

ವಾಚಕರು ಇದನ್ನು ಬಾಲ್ಯದ ನೆನಪಿನ ಪ್ರಬಂಧವೆಂದು ತಿಳಿಯಬಾರದು. ನಾನು ಹೇಳಹೊರಟಿರುವುದು ಯಂತ್ರದ ವಿಷಯ. ಕಲಾ ವಿಭಾಗದವನೊಬ್ಬ, ಅದರಲ್ಲಿಯೂ ಇತಿಹಾಸ ಮತ್ತು ಕನ್ನಡವನ್ನು ಐಚ್ಛಿಕವಾಗಿ ಓದುತ್ತಿರುವವನು, ಕೃತಕ ಬುದ್ಧಿಮತ್ತೆಯನ್ನು ಕುರಿತು ಬರೆಯಲು ಲೇಖನಿ ಹಿಡಿದದ್ದು ವಿಜ್ಞಾನದ ಗೆಳೆಯರಿಗೆ ನಗೆ ತರಬಹುದು. ನಗಲಿ. ಈ ಕೆಲಸ ನನ್ನ ಪಾಲಿಗೆ ಬಂದುದೇ ನಾನು ಕಲಾ ವಿಭಾಗದವನೆಂಬ ಕಾರಣಕ್ಕೆ.

ನಮ್ಮೂರು ಇಚಿಲಂಪಾಡಿ. ಹಿಂದೆ ಪುತ್ತೂರು ತಾಲೂಕು, ಈಗ ಕಡಬ ತಾಲೂಕು. ಗುಂಡ್ಯ ಹೊಳೆಯ ಬದಿಯ ಊರು. ಅಡಿಕೆ, ರಬ್ಬರು, ನಡುನಡುವೆ ಕಾಡು. ಒಂದು ಮನೆಯಲ್ಲಿ ತುಳು, ಇನ್ನೊಂದರಲ್ಲಿ ಮಲಯಾಳ, ಮತ್ತೊಂದರಲ್ಲಿ ಅರೆಭಾಷೆ. ಶಾಲೆಯಲ್ಲಿ ಮಾತ್ರ ಕನ್ನಡ. ಅಪ್ಪ ನಾಲ್ಕನೆಯ ಇಯತ್ತೆಯವರೆಗೆ ಓದಿದವರು, ಪರರ ತೋಟದಲ್ಲಿ ರಬ್ಬರು ಟ್ಯಾಪಿಂಗ್ ಮಾಡುತ್ತಾರೆ. ಅಮ್ಮ ಬೀಡಿ ಕಟ್ಟುತ್ತಾರೆ. ಕಾಲೇಜಿನ ಮೆಟ್ಟಿಲು ಹತ್ತಿದವನು ನಮ್ಮ ಮನೆಯಲ್ಲಿ ನಾನೇ ಮೊದಲಿಗ. ಹೀಗಿರುವುದರಿಂದ ಒಂಬತ್ತನೆಯ ವಯಸ್ಸಿನಿಂದಲೇ ನಮ್ಮ ನೆರೆಯ ಏಳೆಂಟು ಮನೆಗಳ ಅರ್ಜಿ ಬರೆಯುವ ಗುಮಾಸ್ತಗಿರಿ ನನ್ನದಾಯಿತು. ಪಡಿತರ ಚೀಟಿ, ಪಹಣಿ, ವೃದ್ಧಾಪ್ಯ ವೇತನ, ಏನು ಬಂದರೂ ನನ್ನ ಬಳಿಗೇ. ಅರ್ಜಿಯ ನಮೂನೆ ಬರೆಯುವವರಿಗೆ ಒಂದು ನಂಬಿಕೆಯಿದೆಯೆಂದು ನನಗೆ ತೋರುತ್ತದೆ: ತಮಗೆ ಗೊತ್ತಿರುವುದು ಎಲ್ಲರಿಗೂ ಗೊತ್ತಿದೆ ಎಂಬುದು. ನಾನು ಪ್ರಥಮ ಬಿ.ಎ. ಸೇರಿದಾಗ ಒಂದು ವಿದ್ಯಾರ್ಥಿವೇತನದ ಅರ್ಜಿಯಲ್ಲಿ “ವಾರ್ಷಿಕ ಆದಾಯ” ಎಂದು ಒಂದು ಗೆರೆಯಿತ್ತು. ಯಾರ ಆದಾಯ? ಅರ್ಜಿದಾರನದೋ, ತಂದೆಯದೋ, ಮನೆಯವರೆಲ್ಲರದೋ? ನಾನು ಅಪ್ಪನ ಕೂಲಿಯನ್ನು ಬರೆದೆ. ಅಮ್ಮನ ಬೀಡಿಯ ಮಜೂರಿ ಸೇರಿಸಿಲ್ಲವೆಂದು ಅರ್ಜಿ ಹಿಂದೆ ಬಂತು. ಬಂದದ್ದು ಕೊನೆಯ ದಿನಾಂಕ ಕಳೆದ ಮೇಲೆ. ಆ ವರ್ಷ ಅಮ್ಮನ ಬೆಂಡೋಲೆ ಅಡವಿಗೆ ಹೋಯಿತು. ಮೂರು ಶಬ್ದ, “ಕುಟುಂಬದ ಎಲ್ಲರ ಒಟ್ಟು” ಎಂಬ ಮೂರು ಶಬ್ದ, ಆ ಗೆರೆಯ ಮೊದಲಿಗೆ ಇದ್ದಿದ್ದರೆ ಬೆಂಡೋಲೆ ಕಿವಿಯಲ್ಲಿಯೇ ಇರುತ್ತಿತ್ತು.

ಇರಲಿ, ಅಜ್ಜಿಯ ವಿಷಯಕ್ಕೆ ಬರುತ್ತೇನೆ. ದ್ವಿತೀಯ ಬಿ.ಎ.ಯಲ್ಲಿ ನಮ್ಮ ಕನ್ನಡ ಅಧ್ಯಾಪಕರು ಮನೆಯ ಹಿರಿಯರ ಬಾಯಿಂದ ಕೃಷಿಯ ಶಬ್ದಗಳನ್ನು ಬರೆದು ತರಲು ಹೇಳಿದರು. ನಾನು ಕಿರುಪರೀಕ್ಷೆಯ ಅಂಕಕ್ಕಾಗಿ ಶುರುಮಾಡಿದೆ. ಅಂಕ ಬಂದ ಮೇಲೂ ಬಿಡಲಾಗಲಿಲ್ಲ. ಪಾಳೆ, ಮುಟ್ಟಾಳೆ, ಕುಡ್ಪು, ಮುಡಿ, ಕಳಸೆ — ಸಂಜೆಯ ಹೊತ್ತು ಅಜ್ಜಿ ಹೇಳುತ್ತಿದ್ದಳು, ನಾನು ನೋಟುಪುಸ್ತಕದಲ್ಲಿ ಬರೆಯುತ್ತಿದ್ದೆ. ಇವುಗಳಲ್ಲಿ ಹೆಚ್ಚಿನವು ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದವರು 1988 ರಿಂದ 1997 ರವರೆಗೆ ಆರು ಸಂಪುಟಗಳಲ್ಲಿ ತಂದ ತುಳು ನಿಘಂಟಿನಲ್ಲಿ ಇವೆಯೆಂದು ಅಧ್ಯಾಪಕರು ತೋರಿಸಿಕೊಟ್ಟರು. ನನಗೇನೂ ಬೇಸರವಾಗಲಿಲ್ಲ. ಶಬ್ದ ಅಲ್ಲಿರಬಹುದು, ಆದರೆ ಯಾವ ಕುಡ್ಪಿನಲ್ಲಿ ಏನನ್ನು ಹಾಕಬಾರದು ಎಂದು ಅಜ್ಜಿ ಗದರಿಸುತ್ತಿದ್ದುದು ನನ್ನ ಪುಸ್ತಕದಲ್ಲಿ ಮಾತ್ರವೇ ಇತ್ತು. 2024 ರ ಆಟಿಯಲ್ಲಿ ಅಜ್ಜಿ ತೀರಿಕೊಂಡಳು. ಪುಸ್ತಕದಲ್ಲಿ ಆಗ 386 ಶಬ್ದಗಳಿದ್ದವು. ಆ ಮಳೆಗಾಲದಲ್ಲಿಯೇ ಪುಸ್ತಕಕ್ಕೆ ಗೆದ್ದಲು ಹಿಡಿಯಿತು. ಅಷ್ಟರಲ್ಲಿ ಎಲ್ಲವನ್ನೂ ಮೊಬೈಲಿನಲ್ಲಿ ಟೈಪು ಮಾಡಿಟ್ಟಿದ್ದೆನೆಂಬುದೊಂದೇ ಸಮಾಧಾನ.

ನಮ್ಮ ಕಾಲೇಜಿನಲ್ಲಿಯೇ ಓದಿ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹಿರಿಯ ಗೆಳೆಯರೊಬ್ಬರು ಇದನ್ನು ಕೇಳಿ, “ಮೊಬೈಲಿನಲ್ಲಿ ಇಟ್ಟರೆ ಮೊಬೈಲು ಹೊಳೆಗೆ ಬೀಳುತ್ತದೆ, ಗಿಟ್‌ಹಬ್‌ನಲ್ಲಿ ಇಡು” ಎಂದರು. ಗಿಟ್‌ಹಬ್ ಎಂದರೆ ಪ್ರೋಗ್ರಾಮು ಬರೆಯುವವರು ತಮ್ಮ ಕಡತಗಳನ್ನು ಇಡುವ ದೊಡ್ಡ ಉಗ್ರಾಣ. 2008 ರಲ್ಲಿ ಆರಂಭವಾದದ್ದು, 2018 ರಲ್ಲಿ ಮೈಕ್ರೋಸಾಫ್ಟ್‌ನವರು ಕೊಂಡುಕೊಂಡರು. ಇದರ ತಳಹದಿಯಾದ ಗಿಟ್ ಎಂಬ ವ್ಯವಸ್ಥೆಯನ್ನು ಲೈನಸ್ ಟೋರ್ವಾಲ್ಡ್ಸ್ 2005 ರಲ್ಲಿ ರಚಿಸಿದರು. ಮಾಮೂಲಿ ಉಗ್ರಾಣಕ್ಕೂ ಇದಕ್ಕೂ ಇರುವ ಭೇದವೆಂದರೆ, ಇಲ್ಲಿ ಒಂದು ಅಕ್ಷರ ತಿದ್ದಿದರೂ ಯಾರು, ಯಾವಾಗ, ಏಕೆ ತಿದ್ದಿದರೆಂದು ದಾಖಲೆಯಾಗುತ್ತದೆ, ಹಳೆಯ ಪ್ರತಿ ಹಾಗೆಯೇ ಉಳಿಯುತ್ತದೆ. ಪ್ರೋಗ್ರಾಮುಗಳೇ ಆಗಬೇಕೆಂದಿಲ್ಲ. ವಿ. ಕೃಷ್ಣ ಅವರು ನಾಲ್ಕು ದಶಕಗಳ ಕಾಲ ಒಬ್ಬರೇ ಕುಳಿತು ಸಿದ್ಧಪಡಿಸಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019 ರಲ್ಲಿ ಜಾಲಕ್ಕೆ ಬಂತು. ಅದರ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಶಬ್ದಗಳ ಕಡತ ಈ ಉಗ್ರಾಣದಲ್ಲಿ ಎಲ್ಲರಿಗೂ ಮುಕ್ತವಾಗಿದೆ. ಅಂಥ ಕಡಲಿನ ಪಕ್ಕದಲ್ಲಿ ನನ್ನ ಅಜ್ಜಿಯ 386 ಶಬ್ದಗಳ ಬಿಂದಿಗೆಯನ್ನೂ ತಂದಿಟ್ಟೆ.

ಹೊಸ ಶಬ್ದಗಳು ಬಂದಂತೆ ಒಂದೊಂದನ್ನೂ ಕೈಯಿಂದ ತುಂಬುವುದು ಕಷ್ಟವಾಯಿತು. ಆಗ ಗೆಳೆಯರು ಏಜೆಂಟ್ ಒಂದನ್ನು ಕಟ್ಟಿಕೊಟ್ಟರು. ಏಜೆಂಟ್ ಎಂದರೆ ಎಲ್.ಐ.ಸಿ.ಯವರಲ್ಲ. ನಾವು ಸಾಮಾನ್ಯ ಭಾಷೆಯಲ್ಲಿ ಹೇಳಿದ್ದನ್ನು ಓದಿ, ಮಾಡಬೇಕಾದುದೇನೆಂದು ತಾನೇ ಯೋಚಿಸಿ, ಬೇಕಾದ ಹತ್ಯಾರನ್ನು ಆರಿಸಿ ಕೆಲಸ ನಡೆಸುವ ಭಾಷಾಯಂತ್ರ. ಇಲ್ಲಿ ಹತ್ಯಾರೆಂದರೆ ಕಡತವನ್ನು ಓದುವ, ಬರೆಯುವ, ಹುಡುಕುವ ಸಣ್ಣ ಸಣ್ಣ ಪ್ರೋಗ್ರಾಮುಗಳು. ಅವುಗಳನ್ನು ಯಂತ್ರದ ಮುಂದೆ ಹೇಗೆ ಇಡಬೇಕೆಂಬುದಕ್ಕೆ 2024 ರ ನವೆಂಬರಿನಲ್ಲಿ ಆಂಥ್ರೋಪಿಕ್ ಎಂಬ ಸಂಸ್ಥೆ ಒಂದು ಸಾಮಾನ್ಯ ಕಟ್ಟಳೆಯನ್ನು ಪ್ರಕಟಿಸಿತು. ಅದರ ಪ್ರಕಾರ ಪ್ರತಿಯೊಂದು ಹತ್ಯಾರಿಗೂ ಒಂದು ಹೆಸರು, ಒಂದು ವಿವರಣೆ, ಅದಕ್ಕೆ ಏನೇನು ಮಾಹಿತಿ ಕೊಡಬೇಕೆಂಬ ಪಟ್ಟಿ ಇರುತ್ತದೆ. ಗಿಟ್‌ಹಬ್‌ನವರೇ ತಮ್ಮ ಉಗ್ರಾಣಕ್ಕೆ ಇಂಥ ಹತ್ಯಾರುಗಳ ದೊಡ್ಡ ಪೆಟ್ಟಿಗೆಯನ್ನು ಮಾಡಿದ್ದಾರೆ. ನಮ್ಮದು ಅಷ್ಟು ದೊಡ್ಡದಲ್ಲ, ಮೂರೇ ಹತ್ಯಾರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಯಂತ್ರವು ಹತ್ಯಾರಿನ ಒಳಗನ್ನು ನೋಡುವುದಿಲ್ಲ. ಅದರ ಅಲಗು ಹೇಗಿದೆ, ಹಿಡಿ ಎಷ್ಟು ಉದ್ದ ಎಂದು ತಡವಿ ನೋಡಲಾರದು. ಅದಕ್ಕೆ ಕಾಣುವುದು ಹೆಸರು ಮತ್ತು ವಿವರಣೆ ಮಾತ್ರ. ಪೊರೆ ಬಂದ ಕಣ್ಣಿನ ಅಜ್ಜಿಯಂತೆಯೇ, ಕೊಟ್ಟ ಹೆಸರನ್ನು ನಂಬಿ ಏಟು ಹಾಕುತ್ತದೆ.

“ಪ್ರೋಗ್ರಾಮು ನಾನು ಬರೆಯುತ್ತೇನೆ. ವಿವರಣೆ ನೀನು ಬರೆ, ನೀನಲ್ಲವೇ ಭಾಷೆ ಓದುವವನು” ಎಂದರು ಗೆಳೆಯರು. ನಾನು ಹತ್ತು ನಿಮಿಷದಲ್ಲಿ ಮೂರನ್ನೂ ಬರೆದು ಮುಗಿಸಿದೆ. ಎಷ್ಟು ಹೆಮ್ಮೆ ನನಗೆ! ಮೂರನೆಯದರ ಹೆಸರು ‘ಕಡತ ಉಳಿಸು’. ಅದರ ವಿವರಣೆ: “ಕೊಟ್ಟ ಪದಗಳನ್ನು ಕಡತದಲ್ಲಿ ಉಳಿಸುತ್ತದೆ.” ಕನ್ನಡದಲ್ಲಿ ಇದಕ್ಕಿಂತ ಸರಳವಾದ ವಾಕ್ಯ ಉಂಟೇ?

2025 ರ ಜೂನಿನಲ್ಲಿ ನೆರೆಮನೆಯ ಹಿರಿಯಮ್ಮನೊಬ್ಬರಿಂದ ಹನ್ನೊಂದು ಶಬ್ದಗಳು ಸಿಕ್ಕಿದವು. ನಮ್ಮ ಮನೆಯಲ್ಲಿ ಸಿಗ್ನಲ್ ಬರುವುದಿಲ್ಲ. ಗುಡ್ಡದ ಮೇಲಿನ ಗೇರುಮರದ ಬುಡಕ್ಕೆ ಹೋಗಿ, ಕೊಡೆ ಹಿಡಿದುಕೊಂಡು, ಹನ್ನೊಂದನ್ನೂ ಯಂತ್ರಕ್ಕೆ ಕೊಟ್ಟು “ಇವನ್ನೂ ಉಳಿಸು” ಎಂದೆ. “ಹನ್ನೊಂದು ಪದಗಳನ್ನು ಉಳಿಸಲಾಗಿದೆ” ಎಂದು ಉತ್ತರ ಬಂತು. ಕಡತವನ್ನು ತೆರೆದು ನೋಡಿದೆ. ಹನ್ನೊಂದು ಪದಗಳನ್ನು ಉಳಿಸಲಾಗಿತ್ತು. ಉಳಿದದ್ದು ಹನ್ನೊಂದೇ.

ಯಂತ್ರ ಸುಳ್ಳು ಹೇಳಿರಲಿಲ್ಲ. ಆ ಹತ್ಯಾರು ಮಾಡುತ್ತಿದ್ದುದು ಕಡತದಲ್ಲಿದ್ದುದನ್ನೆಲ್ಲ ತೆಗೆದು ಕೊಟ್ಟದ್ದನ್ನು ಮಾತ್ರ ಇಡುವ ಕೆಲಸ. ಅದು ನನಗೆ ಗೊತ್ತಿತ್ತು, ಗೆಳೆಯರು ಹೇಳಿದ್ದರು. ಗೊತ್ತಿದ್ದುದರಿಂದಲೇ ಬರೆಯಬೇಕೆಂದು ತೋರಲಿಲ್ಲ. ಅರ್ಜಿಯ ನಮೂನೆ ಬರೆದ ಪುಣ್ಯಾತ್ಮನಿಗೆ ಆದದ್ದೂ ಇದೇ ಇರಬೇಕು. ಮೂರು ವರ್ಷ ಅವನನ್ನು ಮನಸ್ಸಿನಲ್ಲಿ ಬೈದವನು ನಾನು.

ಗೇರುಮರದ ಕೆಳಗೆ ಮಳೆ ಜೋರಾಯಿತು. ಗೆಳೆಯರಿಗೆ ಫೋನು ಮಾಡಿದರೆ ಎತ್ತಲಿಲ್ಲ. ಮತ್ತೆ ಮಾಡಿದೆ. ಸಿಗ್ನಲ್ ಹೋಯಿತು. ಪುಸ್ತಕ ಗೆದ್ದಲಿಗೆ, ಅಜ್ಜಿ ಮಣ್ಣಿಗೆ, ಶಬ್ದಗಳು ನನ್ನದೇ ಒಂದು ವಾಕ್ಯಕ್ಕೆ ಎಂದು ನೆನೆದು ಕೈಕಾಲು ತಣ್ಣಗಾದವು. ಸುಮಾರು ನಲವತ್ತು ನಿಮಿಷ ಹಾಗೆ ನಿಂತಿದ್ದೆನೆಂದು ಕಾಣುತ್ತದೆ. ಕೊನೆಗೆ ಗೆಳೆಯರೇ ಕರೆ ಮಾಡಿದರು. ವಿಷಯ ಕೇಳಿ ನಕ್ಕುಬಿಟ್ಟರು. “ಹಳೆಯ ಪ್ರತಿ ಎಲ್ಲಿಗೂ ಹೋಗಿಲ್ಲ ಮಾರಾಯ, ಇತಿಹಾಸ ತೆರೆದು ನೋಡು” ಎಂದರು. ಇತಿಹಾಸವನ್ನು ಐಚ್ಛಿಕವಾಗಿ ಓದುವವನಿಗೆ ಇನ್ನೊಬ್ಬರು ಹೀಗೆ ಹೇಳಬೇಕಾಯಿತು! ತೆರೆದೆ. ಹಿಂದಿನ ದಿನದ ಪ್ರತಿಯಲ್ಲಿ 386 ಶಬ್ದಗಳೂ ಇದ್ದವು. ಮರಳಿ ತರಲು ನಾಲ್ಕು ನಿಮಿಷ ಸಾಕಾಯಿತು.

ಗೆಳೆಯರೂ ತಮ್ಮ ಪಾಲಿನ ತಪ್ಪನ್ನು ಒಪ್ಪಿಕೊಂಡರೆಂದು ಇಲ್ಲಿ ಹೇಳಲೇಬೇಕು. ಇರುವ ಕಡತವನ್ನು ಬದಲಿಸಬೇಕಾದರೆ ಅದರ ಸದ್ಯದ ಪ್ರತಿಯ ಗುರುತಿನ ಮೊಹರನ್ನು ತೋರಿಸಬೇಕೆಂದು ಗಿಟ್‌ಹಬ್‌ನಲ್ಲಿ ಒಂದು ನಿಯಮವಿದೆ. ನೀನು ಅಳಿಸುತ್ತಿರುವುದು ಯಾವುದನ್ನೆಂದು ನೋಡಿರುವೆಯಾ ಎಂದು ಕೇಳಿದಂತೆ. ಗೆಳೆಯರ ಪ್ರೋಗ್ರಾಮು ಆ ಮೊಹರನ್ನು ತಾನೇ ತಂದು ತಾನೇ ಒತ್ತುತ್ತಿತ್ತು. ಯಂತ್ರಕ್ಕೆ ಕೇಳುವ ಪ್ರಸಂಗವೇ ಬರಲಿಲ್ಲ. ಬರಿಯ ಮಾತಿನ ಎಚ್ಚರಿಕೆ ಬೇಲಿಯಾಗುವುದಿಲ್ಲವೆಂದು ಅವರು ಪ್ರೋಗ್ರಾಮನ್ನು ತಿದ್ದಿದರು. ನಾನು ನನ್ನ ವಾಕ್ಯಗಳನ್ನು ತಿದ್ದಲು ಕುಳಿತೆ.

ಈ ಸಲ ಮೂರು ಸಂಜೆ ಹಿಡಿಯಿತು. ಮೊದಲನೆಯ ಸಂಜೆ ಹೆದರಿಕೆಯಿಂದ ಮೂರು ಪುಟ ಬರೆದೆ. ಅದೂ ತಪ್ಪಾಯಿತು. ಪ್ರತಿಯೊಂದು ವಿವರಣೆಯನ್ನೂ ಯಂತ್ರವು ಕೆಲಸದುದ್ದಕ್ಕೂ ಮುಂದಿಟ್ಟುಕೊಂಡಿರಬೇಕಾಗುತ್ತದೆ. ಹೊರೆ ಹೆಚ್ಚಾದಂತೆ ಮುಖ್ಯವಾದುದು ಅಡಿಗೆ ಬೀಳುತ್ತದೆ. ಎರಡನೆಯ ಸಂಜೆ ಅದನ್ನು ಕತ್ತರಿಸಿದೆ. ಮೂರನೆಯ ಸಂಜೆ ಕರೆಂಟು ಹೋಗಿತ್ತು. ಜಗಲಿಯಲ್ಲಿ ದೀಪ ಹಚ್ಚಿಕೊಂಡು ಅಪ್ಪ ಕತ್ತಿ ಮಸೆಯುತ್ತಿದ್ದರು. ಏನೋ ತೋರಿ, ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಇದುವರೆಗೆ ನಾನು ಓದಿದ್ದಕ್ಕೆ ಅಪ್ಪ ರುಜು ಹಾಕುತ್ತಿದ್ದರೇ ಹೊರತು ಒಂದು ಮಾತೂ ಆಡಿದವರಲ್ಲ.

“ಸೇರಿಸುವುದು ಅಂದಿಯಲ್ಲ, ಇದ್ದ ಶಬ್ದವನ್ನೇ ಮತ್ತೆ ಕೊಟ್ಟರೆ ಏನಾಗುತ್ತದೆ?” ಎಂದರು. ಅದನ್ನು ನಾನು ಬರೆದಿರಲಿಲ್ಲ. ಬರೆದುಕೊಂಡೆ.

“ಊರು ಅಂದರೆ ಯಾವ ಊರು? ಹೇಳಿದವರು ಹುಟ್ಟಿದ್ದೋ, ಈಗ ಇರುವುದೋ?” ಎಂದರು. ನಾನು ತಬ್ಬಿಬ್ಬಾದೆ. ಅಜ್ಜಿ ಹುಟ್ಟಿದ್ದು ಸುಳ್ಯದ ಕಡೆ, ಮದುವೆಯಾಗಿ ಇಲ್ಲಿಗೆ ಬಂದವಳು. ಕಡತದಲ್ಲಿ ನೋಡಿದರೆ ಯಂತ್ರವು ಎಲ್ಲ ಶಬ್ದಗಳಿಗೂ ಇಚಿಲಂಪಾಡಿ ಎಂದೇ ತುಂಬಿತ್ತು. ದಿನಾಂಕದಲ್ಲಿಯೂ ಹೀಗೆಯೇ. 4-5-2024 ಎಂದು ಕೊಟ್ಟದ್ದು ಮೇ ನಾಲ್ಕು. ಅದು ಏಪ್ರಿಲ್ ಐದು ಎಂದು ಓದಿಕೊಂಡಿತ್ತು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರಂತೆ. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿಯೇ ಬರೆಯಬೇಕೆಂದು ಸೇರಿಸಿದ ಮೇಲೆ ಆ ತೊಡಕು ತಪ್ಪಿತು.

ಎಲ್ಲವನ್ನೂ ಕೇಳಿ ಅಪ್ಪ ಅಲಗನ್ನು ಬೆರಳಿನಿಂದ ನೋಡುತ್ತ ಹೇಳಿದರು: “ಹೊಸಬನಿಗೆ ಕತ್ತಿ ಕೊಡುವಾಗ ನಾನು ಹೇಗೆ ಹೆರೆಯಬೇಕೆಂದು ಮೊದಲು ಹೇಳುವುದಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಹೇಳುತ್ತೇನೆ.” ರಬ್ಬರಿನ ಹಾಲು ಇರುವುದು ತೊಗಟೆಯಲ್ಲಿ. ತೊಗಟೆ ದಾಟಿ ಒಳಗಿನ ಮರಕ್ಕೆ ಕತ್ತಿ ತಗುಲಿದರೆ ಗಾಯವಾಗಿ, ಮುಂದೆ ಅಲ್ಲಿ ಬೆಳೆಯುವ ಹೊಸ ತೊಗಟೆ ಗಂಟುಗಂಟಾಗುತ್ತದೆ. ಅಲ್ಲಿ ಮತ್ತೆ ಟ್ಯಾಪಿಂಗ್ ಸಾಧ್ಯವಾಗುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಅಪ್ಪ ಹೊಸಬರಿಗೆ ಪಾಠ ಹೇಳುವ ರೀತಿಯೊಂದಿದೆ, ಅದರಲ್ಲಿ ಹಿಂದುಮುಂದುಗಳ ಕ್ರಮವಿದೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಆ ರಾತ್ರಿ ಬರೆದ ಎರಡು ವಿವರಣೆಗಳನ್ನು ಹಾಗೆಯೇ ಕೊಡುತ್ತೇನೆ. ಯಂತ್ರಕ್ಕೆ ಕೊಡುವಾಗ ಹೆಸರುಗಳು ಮಾತ್ರ ರೋಮನ್ ಲಿಪಿಯಲ್ಲಿದ್ದವು.

‘ಹೊಸ ಪದ ಸೇರಿಸು’: “ಪದಕೋಶದ ಕೊನೆಯಲ್ಲಿ ಒಂದು ಹೊಸ ಪದವನ್ನು ಸೇರಿಸುತ್ತದೆ. ಈಗಾಗಲೇ ಇರುವ ಯಾವ ಪದವನ್ನೂ ಮುಟ್ಟುವುದಿಲ್ಲ. ಇರುವ ಪದದ ಅರ್ಥವನ್ನು ತಿದ್ದಲು ಇದನ್ನು ಬಳಸಬಾರದು. ಅದಕ್ಕೆ ‘ಪದ ತಿದ್ದು’ ಇದೆ. ಅದೇ ಪದ ಮೊದಲೇ ಇದ್ದರೆ ಏನನ್ನೂ ಬರೆಯದೆ, ಇರುವ ಅರ್ಥವನ್ನು ತೋರಿಸುತ್ತದೆ. ಹುಟ್ಟೂರು: ಪದ ಹೇಳಿದವರು ಹುಟ್ಟಿದ ಊರು. ಗೊತ್ತಿಲ್ಲದಿದ್ದರೆ ಖಾಲಿ ಬಿಡಬೇಕು, ಊಹಿಸಬಾರದು.”

‘ಇಡೀ ಕಡತ ಬದಲಿಸು’: “ಕಡತದಲ್ಲಿ ಈಗ ಇರುವ ಎಲ್ಲವನ್ನೂ ತೆಗೆದು, ಕೊಟ್ಟದ್ದನ್ನು ಮಾತ್ರ ಇಡುತ್ತದೆ. ಪದ ಸೇರಿಸಲು ಇದನ್ನು ಬಳಸಬಾರದು. ಬಳಸುವ ಮೊದಲು ಕಡತವನ್ನು ಓದಿ, ಎಷ್ಟು ಪದಗಳು ಹೋಗುತ್ತವೆಂದು ತಿಳಿಸಿ, ಒಪ್ಪಿಗೆ ಕೇಳಬೇಕು.”

ಹೆಸರನ್ನೂ ಬದಲಿಸಿದ್ದನ್ನು ನೋಡಿರಬಹುದು. ‘ಉಳಿಸು’ ಎಂಬ ಮುದ್ದಾದ ಶಬ್ದವನ್ನು ಬಿಡಬೇಕಾಯಿತು. ಇದರಲ್ಲಿ ಸಾಹಿತ್ಯವೇನೂ ಇಲ್ಲವೆಂದು ನನ್ನ ಸಹಪಾಠಿಯೊಬ್ಬನು ಟೀಕಿಸಿದ. ನಿಜವೇ. ಆದರೆ ನಾನು ಈವರೆಗೆ ಬರೆದ ಯಾವ ಪ್ರಬಂಧವನ್ನೂ ಓದುವವನು ಎಲ್ಲಿ ಎಡವುತ್ತಾನೆಂದು ಇಷ್ಟು ಯೋಚಿಸಿ ಬರೆದವನಲ್ಲ. ಪರೀಕ್ಷೆಯ ಉತ್ತರಗಳನ್ನು ಓದುವವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಅಧ್ಯಾಪಕರು ಕ್ಷಮಿಸಬೇಕು, ನಾವು ಮೂರು ವರ್ಷ ಅಭ್ಯಾಸ ಮಾಡುವುದು ಗೊತ್ತಿರುವವರಿಗೆ ಹೇಳುವುದನ್ನೇ.

ತಪ್ಪಾದಾಗ ಹತ್ಯಾರು ಕೊಡುವ ಉತ್ತರವನ್ನೂ ಯಂತ್ರ ಓದುತ್ತದೆಂಬುದು ನನಗೆ ಆಮೇಲೆ ಹೊಳೆಯಿತು. ಮೊದಲು ನಮ್ಮ ಹತ್ಯಾರು “ದೋಷ” ಎಂದಷ್ಟೇ ಹೇಳಿ ಸುಮ್ಮನಾಗುತ್ತಿತ್ತು. ಯಂತ್ರ ಪಾಪ, ಅದನ್ನೇ ನಾಲ್ಕು ಸಲ ಮಾಡಿ ನಾಲ್ಕು ಸಲವೂ ದೋಷ ಕಾಣುತ್ತಿತ್ತು. ಈಗ “ಮುಡಿ ಎಂಬ ಪದ ಈಗಾಗಲೇ ಇದೆ, ಅರ್ಥ ಬೇರೆಯಾಗಿದ್ದರೆ ‘ಪದ ತಿದ್ದು’ ಬಳಸಿ” ಎನ್ನುತ್ತದೆ. ಹಿಂದೆ ಬಂದ ನನ್ನ ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ “ತಿರಸ್ಕೃತ” ಎಂದಷ್ಟೇ ಇತ್ತು. ಕಾರಣ ತಿಳಿಯಲು ಎರಡು ಬಸ್ಸು ಹತ್ತಿ ಹೋಗಬೇಕಾಯಿತು.

ಈಗ ಕಡತದಲ್ಲಿ 430 ಪದಗಳಿವೆ. ಕತ್ತಿಗಳ ಪದಗಳನ್ನು ಮಾತ್ರ ಯಂತ್ರಕ್ಕೆ ಬಿಡದೆ ನಾನೇ ಬರೆದೆ. ಪ್ರತಿಯೊಂದಕ್ಕೂ ಅದು ಏನನ್ನು ಕೊಯ್ಯುತ್ತದೆ, ಏನನ್ನು ಕೊಯ್ಯಬಾರದು ಎಂದು ಎರಡೆರಡು ಸಾಲು. ರಬ್ಬರು ಕತ್ತಿಯ ಎರಡನೆಯ ಸಾಲಿನಲ್ಲಿ ತೆಂಗಿನಕಾಯಿ ಇದೆ.

ಮೊನ್ನೆ ಭಾನುವಾರ ನಾನು ಜಗಲಿಯಲ್ಲಿ ಕುಳಿತು ಈ ಲೇಖನವನ್ನು ಬರೆಯುತ್ತಿದ್ದಾಗ ಅಮ್ಮ ಅಂಗಳದಿಂದ ಕತ್ತಿ ತಾ ಎಂದು ಕೂಗಿದರು. ಯಾವ ಕತ್ತಿ ಎಂದು ಕೇಳಿದೆ. “ಕಾಲೇಜಿಗೆ ಹೋಗಿ ಕಣ್ಣೂ ಹೋಯಿತೇ ನಿನಗೆ? ನನ್ನ ಎದುರಿಗೆ ಹಲಸಿನಕಾಯಿ ಇರುವುದು ಕಾಣುವುದಿಲ್ಲವೇ?” ಎಂದರು.